ಗಂಟು ಹಾಕುವ ಕೈ

ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಾನು ಎಷ್ಟು ಮನೆಗಳಿಗೆ ಫೋನು ಮಾಡಿ ಹೇಳಿದ್ದೇನೋ ಲೆಕ್ಕವಿಲ್ಲ. ಆ ಮಾತು ತಪ್ಪೆಂದು ಈಗಲೂ ಹೇಳಲಾರೆ. ಬನಪ್ಪನ ಕೈ ಆಡಿದ್ದು ನಿಜ, ಆಡುತ್ತಿದೆ ಎಂದೇ ಯಂತ್ರ ಹೇಳಿತು. ಅದಕ್ಕೆ ಅರ್ಥ ಹಚ್ಚಿದವಳು ನಾನು. ನನ್ನ ಹೆಸರು ಕಸ್ತೂರಿ, ವಯಸ್ಸು ನಲವತ್ತೊಂಬತ್ತು, ನಿದ್ರಾ ಕೇಂದ್ರದ ಹಿರಿಯ ತಂತ್ರಜ್ಞೆ. ಬಾಯಿ ಜೋರು ಅಂತ ಊರಲ್ಲಿ ಹೆಸರಿದೆ. ಅದೂ ಸುಳ್ಳಲ್ಲ.

ನಮ್ಮದು ಕೃಷ್ಣೆಯ ದಂಡೆಗೆ ಹತ್ತಿರದ ನೇಕಾರರ ಊರು. ಮನೆಗೆ ಎರಡೋ ನಾಲ್ಕೋ ವಿದ್ಯುತ್ ಮಗ್ಗ, ಹಗಲೊಂದು ಪಾಳಿ, ರಾತ್ರಿಯೊಂದು ಪಾಳಿ. ಹನ್ನೆರಡು ತಾಸು ನಿಂತು ದುಡಿದ ಸೊಂಟ ನೋಯದೆ ಬಿಡುತ್ತದೆಯೆ? ನೋವಿಗೆ ಗುಳಿಗೆ ಬಂತು. ಅಫೀಮಿನ ವಂಶದ ಗುಳಿಗೆ, ಡಾಕ್ಟರುಗಳು ಓಪಿಯಾಯ್ಡ್ ಎನ್ನುತ್ತಾರೆ. ಮೊದಲು ಚೀಟಿ ಇದ್ದವರಿಗೆ, ಆಮೇಲೆ ಕೇಳಿದವರಿಗೆಲ್ಲ ಅಂಗಡಿಯಲ್ಲಿ ಸಿಕ್ಕಿತು. ನಾಲ್ಕೈದು ವರ್ಷಗಳಲ್ಲಿ ಓಣಿಗೊಬ್ಬರಂತೆ ಸಾಯತೊಡಗಿದಾಗ ಸರಕಾರ ಎಚ್ಚೆತ್ತು ಆ ಗುಳಿಗೆಗಳನ್ನು ಅಂಗಡಿಗಳಿಂದ ತೆಗೆಸಿತು. ಆದರೆ ರೂಢಿಯಾದ ಮೈಯಿಂದ ತೆಗೆಸುವುದು ಹೇಗೆ?

ಇಲ್ಲಿ ಒಂದು ವಿಷಯ ತಿಳಿಸಿ ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ನಿದ್ದೆಗೆಟ್ಟ ಮೈಗೆ ನೋವು ಒಂದಕ್ಕೆರಡಾಗಿ ಕಾಣುತ್ತದೆ. ನೋವಿಗೆಂದು ಗುಳಿಗೆ ನುಂಗಿದರೆ ಕಣ್ಣೇನೋ ಮುಚ್ಚುತ್ತದೆ, ಆದರೆ ಆ ನಿದ್ದೆ ನೀರು ಬೆರೆಸಿದ ಹಾಲು. ಅಳತೆ ಸರಿ ಇರುತ್ತದೆ, ಸತ್ವ ಇರುವುದಿಲ್ಲ. ಆಳದ ನಿದ್ದೆ ತೆಳ್ಳಗಾಗುತ್ತದೆ, ಕನಸಿನ ನಿದ್ದೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾಗುತ್ತದೆ, ಉಸಿರು ನಿಂತು ನಿಂತು ಬರುತ್ತದೆ. ಎದ್ದಾಗ ಮೈ ಮುರಿದಂತಿರುತ್ತದೆ, ನೋವು ನಿನ್ನೆಗಿಂತ ಹೆಚ್ಚಾಗಿರುತ್ತದೆ, ಮತ್ತೆ ಕೈ ಗುಳಿಗೆಯ ಕಡೆಗೇ ಹೋಗುತ್ತದೆ. ಗಾಣದ ಎತ್ತಿಗೆ ದಾರಿ ಮುಗಿಯುವುದುಂಟೆ?

ಈ ಸುತ್ತನ್ನು ಬಿಡಿಸಲು ಯಾರೋ ಬುದ್ಧಿವಂತರು ಯೋಚಿಸಿದರು: ನಿದ್ದೆಗೂ ನೋವಿಗೂ ನಂಟಿದ್ದರೆ, ಔಷಧದ ಅಳತೆಯನ್ನು ನಿದ್ದೆಗೇ ಕಟ್ಟಿಬಿಟ್ಟರೆ ಹೇಗೆ? ಹಾಗೆ ಹುಟ್ಟಿದ್ದು ‘ಹದ’. ತೋಳಿಗೆ ಕಟ್ಟುವ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ಅದೇ ಅಫೀಮಿನ ವಂಶದ ಔಷಧ, ಸಣ್ಣ ಸೂಜಿಯಿಂದ ಮೈಗಿಳಿಯುವಂಥದು. ಬೆರಳಿಗೊಂದು ಉಂಗುರ. ಉಂಗುರ ನಾಡಿಯನ್ನೂ ಕೈಯ ಅಲುಗಾಟವನ್ನೂ ಅಳೆದು ಮಲಗಿದ್ದಾರೋ ಇಲ್ಲವೋ ಎಂದು ತಿಳಿಸುತ್ತದೆ. ಒಳ್ಳೆಯ ನಿದ್ದೆ ಬಿದ್ದ ದಿನ ಪೆಟ್ಟಿಗೆ ಒಂದು ಹನಿ ಕಡಿಮೆ ಕೊಡುತ್ತದೆ, ನಿದ್ದೆಗೆಟ್ಟು ನರಳಿದ ದಿನ ಒಂದೆರಡು ಹನಿ ಹೆಚ್ಚು. ಹೀಗೆ ಏರುತ್ತ ಇಳಿಯುತ್ತ ಆರು ತಿಂಗಳಲ್ಲಿ ಸೊನ್ನೆಗೆ ಬರಬೇಕು. ನೂರಾರು ಜನ ಬಂದೂ ಇದ್ದರು.

ಹೆಚ್ಚು ಹನಿ ಕೊಡುವ ಮೊದಲು ಯಂತ್ರ ಮನೆಯವರನ್ನು ಕೇಳಬೇಕೆಂಬ ನಿಯಮವಿತ್ತು. ಅದಕ್ಕೆ ‘ಮನೆಯ ಸಾಕ್ಷಿ’ ಎಂದು ಹೆಸರು. ಗೋಡೆಗೆ ತೂಗುಹಾಕಿದ ಒಂದು ಸಣ್ಣ ಡಬ್ಬಿ ಸಿಳ್ಳೆ ಹೊಡೆಯುತ್ತದೆ, ಮನೆಯವರು ಹೋಗಿ ನೋಡಿ, ಎಚ್ಚರವಿದ್ದಾರೆ ಎನ್ನಿಸಿದರೆ ಗುಂಡಿ ಒತ್ತಬೇಕು. ಒತ್ತದಿದ್ದರೆ ಕಂಟ್ರೋಲ್ ರೂಮಿನಿಂದ ನಾವು ಫೋನು ಮಾಡಬೇಕು.

ಬನಪ್ಪ ನಮ್ಮಲ್ಲಿಗೆ ಬಂದದ್ದು ಬೇಸಿಗೆ ಮುಗಿಯುವಾಗ. ನಲವತ್ತಾರು ವರ್ಷದವನು, ಹದಿನೆಂಟರಿಂದಲೂ ರಾತ್ರಿ ಪಾಳಿಯ ನೇಕಾರ. ಮೂರು ವರ್ಷದ ಹಿಂದೆ ನೂಲು ಸುತ್ತಿದ ಬೀಮು ಇಳಿಸುವಾಗ ಕಾಲು ಜಾರಿ, ಅದು ಸೊಂಟದ ಮೇಲೆ ಬಿದ್ದಿತ್ತು. ಅಂದಿನಿಂದ ಗುಳಿಗೆ. ಜೊತೆಗೆ ಹೆಂಡತಿ ನೀಲವ್ವ ಬಂದಿದ್ದಳು. ಸಣ್ಣ ಆಳು, ಮಾತಿಗೆ ಮೊದಲು ಸೆರಗು ಸರಿಮಾಡಿಕೊಳ್ಳುವವಳು.

"ಎಷ್ಟರಿಂದ ಸುರು ಮಾಡ್ತೀರಿ ಅಕ್ಕಾರ?" ಎಂದು ಬನಪ್ಪ ಕೇಳಿದ.

"ನಲವತ್ತ ಹನಿ. ಸೊನ್ನಿಗೆ ಬರಬೇಕ ನೋಡ್ರಿ."

"ಸಾಲ್ಯಾಗ ಸೊನ್ನಿ ಬಿದ್ರ ಮಾಸ್ತರ ಬೆನ್ನ ಮುರೀತಿದ್ರು. ಇಲ್ಲಿ ಏನ್ ಕೊಡ್ತೀರಿ?"

"ಪೇಢೆ ಕೊಡ್ತೀನಿ. ಮೊದಲ ಬರ್ರಿ ಸೊನ್ನಿಗೆ."

"ಸೊನ್ನಿ ಆದ ಮರುದಿನಾನ ಮಗ್ಗಕ್ಕ ನಿಲ್ತೀನಿ" ಅಂದ. ಪೆಟ್ಟಿಗೆ ಕಟ್ಟಿಕೊಂಡವರು ಓಡುವ ಮಗ್ಗದ ಹತ್ತಿರ ನಿಲ್ಲುವ ಹಾಗಿರಲಿಲ್ಲ, ತೂಕಡಿಸಿದರೆ ಕೈ ಹೋದೀತು. ಬೀಮು ಬಿದ್ದಂದಿನಿಂದ, ಮೂರು ವರ್ಷ, ಅವನ ಕೈ ಎಳೆ ಮುಟ್ಟಿರಲಿಲ್ಲ. ಮನೆಯ ಎರಡು ಮಗ್ಗಗಳನ್ನು ನೀಲವ್ವನ ತಮ್ಮ ಓಡಿಸುತ್ತಿದ್ದ. ತಾನು ಗೋಡೆಯ ಈಚೆ ಮಲಗಿ, ಆಚೆ ತನ್ನ ಮಗ್ಗವನ್ನು ಬೇರೆಯವರು ಓಡಿಸುವುದನ್ನು ಕೇಳಿಸಿಕೊಳ್ಳುವುದೇ ಸೊಂಟದ ನೋವಿಗಿಂತ ಹೆಚ್ಚಿನದು ಎಂದು ಒಮ್ಮೆ ಹೇಳಿದ್ದ.

ಪ್ರತಿ ಸೋಮವಾರ ಔಷಧ ತುಂಬಿಸಲು ಬಂದಾಗ ಬಾಗಿಲಲ್ಲೇ ಅಂಕಿ ಕೂಗುತ್ತಿದ್ದ. "ಮೂವತ್ತೊಂದ, ಅಕ್ಕಾರ!" "ಇಪ್ಪತ್ತೆರಡ!" ನನಗೂ ಅವನ ಸೋಮವಾರಗಳು ರೂಢಿಯಾಗಿದ್ದವು. ಬೇರೆಯವರೆಲ್ಲ ಬೈದುಕೊಂಡು ಬರುವವರು. ಇವನೊಬ್ಬ ನಗುತ್ತ ಬರುತ್ತಿದ್ದ. ದಸರೆ ಹತ್ತಿರವಾದಾಗ ಹನ್ನೊಂದಕ್ಕೆ ಇಳಿದ. ಅಷ್ಟು ಬೇಗ ಇಳಿದವರು ನಮ್ಮ ಮುನ್ನೂರ ನಲವತ್ತು ಜನರಲ್ಲಿ ನಾಲ್ಕೇ ಮಂದಿ.

ಆಮೇಲೆ ಆ ಮಂಗಳವಾರ ಬಂತು.

ಬನಪ್ಪ ಕೆಲಸ ಬಿಟ್ಟರೂ ರಾತ್ರಿ ಪಾಳಿಯ ರೂಢಿ ಬಿಟ್ಟಿರಲಿಲ್ಲ. ಅವನ ನಿದ್ದೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರು ನಾಲ್ಕರವರೆಗೆ. ನಮ್ಮ ಊರಲ್ಲಿ ಅರ್ಧ ಜನ ಹಾಗೆಯೇ, ಆದ್ದರಿಂದ ನಮ್ಮ ಕಂಟ್ರೋಲ್ ರೂಮಿಗೆ ಬೆಳಗಿನ ಹೊತ್ತೇ ಬಿರುಸು. ಹತ್ತೂವರೆಯ ಸುಮಾರಿಗೆ ಪರದೆಯ ಮೇಲೆ ಬನಪ್ಪನ ಗೆರೆ ಹಸಿರಿನಿಂದ ಕೆಂಪಿಗೆ ತಿರುಗಿತು. ಎಚ್ಚರ, ಕೈಗಳ ಚಡಪಡಿಕೆ. ‘ಮನೆಯ ಸಾಕ್ಷಿ ಒತ್ತಿಲ್ಲ’ ಎಂಬ ಸೂಚನೆಯೂ ಬಂತು. ಮುಂದೆ ಹನ್ನೊಂದು ಮನೆಗಳ ಫೋನು ಬಾಕಿ ಇತ್ತು. ನಾನು ನೀಲವ್ವನಿಗೆ ಫೋನು ಹಚ್ಚಿದೆ. ಹಿಂದೆ ಮಗ್ಗದ ಟಕಟಕ ಕೇಳುತ್ತಿತ್ತು.

"ನೀಲವ್ವಾರ, ಡಬ್ಬಿ ಸಿಳ್ಳಿ ಹೊಡದ್ರೂ ಯಾಕ ಒತ್ತಿಲ್ಲ?"

"ಮಲಗ್ಯಾರ್ರೀ ಅಕ್ಕಾರ" ಎಂದಳು, ದನಿ ಇಳಿಸಿ. ಆ ಇಳಿದ ದನಿಯಲ್ಲೂ ಹಿಗ್ಗು ತಡೆಯಲಾಗುತ್ತಿರಲಿಲ್ಲ. "ಮೂರ ವರ್ಷದ ಮ್ಯಾಲ ನಿದ್ದ್ಯಾಗ ಕೈ ಆಡಾಕತ್ತಾವ್ರೀ. ಗಂಟ ಹಾಕಾಕತ್ತಾರ, ಗದ್ದಲಾ ಮಾಡೂದ ಬ್ಯಾಡ."

"ಕೈ ಆಡಾಕತ್ತಾವ ಅಂದ್ರ ಎಚ್ಚರ ಅದಾರ ಅಂತ ಅರ್ಥ."

"ಇಲ್ರೀ, ಬಾಜೂಕ ಕುಂತೀನಿ. ಗೊರಕಿ ಹೊಡ್ಯಾಕತ್ತಾರ."

ನನಗೆ ರೇಗಿತು. ನಿಜ ಹೇಳುತ್ತೇನೆ, ಬಹಳ ರೇಗಿತು. "ಕಣ್ಣ ಮುಚ್ಚಿದವರೆಲ್ಲಾ ಮಲಗಿರಂಗಿಲ್ಲ ನೀಲವ್ವಾರ. ನೋವ ತಡಕೊಂಡ ಬಿದ್ದವರು ಹಿಂಗ ಕೈ ಮಾಡ್ತಾರ. ಯಂತ್ರಕ್ಕ ಸುಳ್ಳ ಹೇಳಾಕ ಬರೂದಿಲ್ಲ. ಅವರು ನೋವ ತಿನ್ನಾಕತ್ತಾರ, ನೀವು ಮಲಗ್ಯಾರ ಅಂತ ಕುಂತೀರಿ. ಒತ್ರಿ."

"ಯವ್ವಾ, ನೋವ ತಿನ್ನಾಕತ್ತಾರೇನ್ರಿ?" ಎಂದಳು. ಹಿಗ್ಗೆಲ್ಲ ಇಳಿದುಹೋಗಿತ್ತು. ಹಸಿರು ಗುಂಡಿ ಒತ್ತಿದ್ದು ನನ್ನ ಪರದೆಯ ಮೇಲೆ ಕಾಣಿಸಿತು. ಎರಡು ಹನಿ ಹೋಯಿತು. ನಾನು ಮುಂದಿನ ಮನೆಗೆ ಫೋನು ಹಚ್ಚಿದೆ.

ಮರುದಿನದಿಂದ ಅವಳಿಗೆ ಫೋನು ಮಾಡುವ ಅಗತ್ಯ ಬೀಳಲಿಲ್ಲ. ಸಿಳ್ಳೆ ಹೊಡೆದ ಕೂಡಲೇ ಒತ್ತುತ್ತಿದ್ದಳು.

ಸೋಮವಾರ ಬನಪ್ಪ ಬಂದಾಗ ಬಾಗಿಲಲ್ಲಿ ಅಂಕಿ ಕೂಗಲಿಲ್ಲ. ಬಂದು ನನ್ನ ಮೇಜಿನ ಮುಂದೆ ಕುಳಿತು ತೋಳು ಚಾಚಿದ. ಪೆಟ್ಟಿಗೆಯ ಮೇಲೆ ಇಪ್ಪತ್ತಮೂರು ಎಂದಿತ್ತು.

"ನಾ ಮಲಗೀನ್ರೀ ಅಕ್ಕಾರ" ಅಂದ.

"ನಿಮಗ ಹಂಗ ಅನಸ್ತೈತಿ." ಪರದೆಯನ್ನು ಅವನ ಕಡೆ ತಿರುಗಿಸಿದೆ. ದಿನಕ್ಕೆ ಎರಡು ಮೂರು ಸಲ, ಅರ್ಧರ್ಧ ತಾಸು ಕೆಂಪು. "ಇದ ನೋಡ್ರಿ. ಇದು ಮಲಗಿದ್ದೇನು?"

ಬಹಳ ಹೊತ್ತು ನೋಡಿದ. ಅವನಿಗೆ ಗೆರೆ ಅರ್ಥವಾಗಲಿಲ್ಲ, ಬಣ್ಣ ಅರ್ಥವಾಯಿತು. "ಕನಸ ಬೀಳಾಕತ್ತಾವ್ರೀ" ಅಂದ ಮೆಲ್ಲಗೆ. "ಮೂರ ವರ್ಷ ಆಗಿತ್ತ ಕನಸ ಬಿದ್ದು. ಮಗ್ಗಕ್ಕ ನಿಂತಂಗ, ಎಳಿ ಹರದಂಗ, ನಾ ಗಂಟ ಹಾಕಿದಂಗ. ಮಲಗದಽ ಕನಸ ಹ್ಯಾಂಗ ಬೀಳ್ತಾವ?"

ಆ ಪ್ರಶ್ನೆಗೆ ಉತ್ತರ ನನ್ನ ಪಠ್ಯಪುಸ್ತಕದ ಎರಡನೆಯ ಅಧ್ಯಾಯದಲ್ಲೇ ಇತ್ತು. ಔಷಧ ಇಳಿದಂತೆ, ಅದು ಇಷ್ಟು ದಿನ ಅದುಮಿಟ್ಟಿದ್ದ ಕನಸಿನ ನಿದ್ದೆ ಪ್ರವಾಹದಂತೆ ಮರಳಿ ಬರುತ್ತದೆ. ಬನಪ್ಪನಿಗೆ ಕನಸು ಬೀಳುತ್ತಿದ್ದರೆ ಅವನು ವಾಸಿಯಾಗುತ್ತಿದ್ದಾನೆ ಎಂದರ್ಥ. ಇದನ್ನು ನಾನು ಹೊಸಬರಿಗೆ ಪಾಠ ಹೇಳಿದ್ದೇನೆ. ಕನಸಿನಲ್ಲಿ ಮೈ ಸುಮ್ಮನಿರಬೇಕು, ಕೆಲವರಲ್ಲಿ ಇರುವುದಿಲ್ಲ ಎಂಬುದನ್ನೂ ಹೇಳಿದ್ದೇನೆ. ಆದರೆ ಅಂದು ನನ್ನ ಮುಂದೆ ಕೆಂಪು ಗೆರೆ ಇತ್ತು, ಆ ಕಡೆ ಲುಂಗಿ ಉಟ್ಟ ನೇಕಾರ ಕುಳಿತಿದ್ದ. ನಾನು ಗೆರೆಯನ್ನು ನಂಬಿದೆ.

"ಅದು ಕನಸಲ್ರೀ, ಅರೆ ಎಚ್ಚರ. ನೋವು ಹಂಗ ಆಟ ಆಡಸ್ತೈತಿ."

"ಒಂದ ದಿನ ಇದನ್ನ ಬಿಚ್ಚಿಡ್ರಿ, ನೋಡೂಣು."

"ಒಂದ ದಿನ ಬಿಚ್ಚಿದ್ರ ಐದ ತಿಂಗಳದ್ದೆಲ್ಲಾ ನೀರಾಗ ಹೋಮ ಮಾಡಿದಂಗ. ಹಟ ಮಾಡಬ್ಯಾಡ್ರಿ. ಮತ್ತ ಇಳಿತೈತಿ."

ಅವನು ಅಂಗಿಯ ತೋಳು ಇಳಿಸಿಕೊಂಡ. "ನೀವ ಓದಿದವರು" ಎಂದ. ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ನಾನು ಜಗಳಕ್ಕಾದರೂ ನಿಲ್ಲುತ್ತಿದ್ದೆ, ಜಗಳದಲ್ಲಿ ಏನಾದರೂ ಹೊಳೆಯುತ್ತಿತ್ತೋ ಏನೋ. ಹೋಗುವಾಗ ಬಾಗಿಲಲ್ಲಿ ತಿರುಗಿ, "ಪೇಢೆ ಮಾತ್ರ ಮರೀಬ್ಯಾಡ್ರಿ" ಅಂದ. ಅದು ಅವನು ನನಗೆ ಸಮಾಧಾನ ಹೇಳಿದ್ದು.

ಗುರುವಾರ ಪೆಟ್ಟಿಗೆ ಇಪ್ಪತ್ತೊಂಬತ್ತಕ್ಕೆ ಏರಿತ್ತು. ನಲವತ್ತು ತಡೆದ ಮನುಷ್ಯನಿಗೆ ಇಪ್ಪತ್ತೊಂಬತ್ತು ಯಾವ ಲೆಕ್ಕ ಎಂದು ನೀವು ಕೇಳಬಹುದು, ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಹನ್ನೊಂದಕ್ಕೆ ಒಗ್ಗಿದ ದೇಹ ನಲವತ್ತರ ಶಕ್ತಿಯನ್ನು ಮರೆತುಬಿಟ್ಟಿರುತ್ತದೆ. ಅದು ನಮಗೆಲ್ಲ ಗೊತ್ತಿದ್ದದ್ದೇ. ಉಸಿರು ಕಡಿಮೆಯಾದರೆ ಯಂತ್ರ ಕೂಗಬೇಕಿತ್ತು. ಅದು ಉಸಿರನ್ನು ಎಣಿಸುತ್ತಿದ್ದದ್ದು ಉಂಗುರದ ನಾಡಿಯಿಂದ, ಕೈ ಆಡುವಾಗ ಆ ಎಣಿಕೆ ನೆಚ್ಚಲು ಬಾರದು, ಆದ್ದರಿಂದ ಕೈ ಆಡುವಷ್ಟು ಹೊತ್ತು ಯಂತ್ರ ಉಸಿರಿನ ಜಾಗದಲ್ಲಿ ಬರಿದೇ ಬೂದು ಗೆರೆ ಎಳೆಯುತ್ತಿತ್ತು. ಎಚ್ಚರವಿರುವವನಿಗೆ ಉಸಿರಿನ ಚಿಂತೆ ಏನು ಎಂಬುದು ಮಾಡಿದವರ ಎಣಿಕೆ.

ಅಂದು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ನೀಲವ್ವ ಗುಂಡಿ ಒತ್ತಿದಳು. ಹನ್ನೆರಡು ಐವತ್ತೆರಡಕ್ಕೆ ಬನಪ್ಪನ ಕೆಂಪು ಗೆರೆ ಹಸಿರಾಯಿತು. ಕೈ ಸುಮ್ಮನಾಗಿತ್ತು. ನಾನು ಅದನ್ನು ಕಣ್ಣಾರೆ ಕಂಡೆ. "ಅಂತೂ ಮಲಗಿದ ಪುಣ್ಯಾತ್ಮ" ಎಂದು ಪಕ್ಕದ ಕುರ್ಚಿಯವಳಿಗೆ ಹೇಳಿ, ರೊಟ್ಟಿ ಬುತ್ತಿ ಬಿಚ್ಚಿದೆ. ಸ್ವಲ್ಪ ಹೊತ್ತಿನಲ್ಲಿ ‘ಉಂಗುರ ಸಡಿಲಾಗಿದೆ’ ಎಂಬ ಸೂಚನೆ ಬಂದಿತ್ತಂತೆ. ಉಸಿರಿನ ಎಣಿಕೆ ಮತ್ತೆ ಸುರುವಾಗುವಷ್ಟರಲ್ಲಿ ನಾಡಿಯೇ ಕ್ಷೀಣಿಸಿತ್ತು, ನಾಡಿ ಸಿಗದಿದ್ದರೆ ಯಂತ್ರ ಹಾಗೆಯೇ ಹೇಳುತ್ತದೆ. ದಿನಕ್ಕೆ ಮೂವತ್ತು ಬರುತ್ತವೆ ಅಂಥವು.

ನಾಲ್ಕಕ್ಕೆ ಫೋನು ಬಂತು. ಹಿಂದೆ ಮಗ್ಗದ ಸದ್ದು ಇರಲಿಲ್ಲ, ನಿಲ್ಲಿಸಿದ್ದರು.

"ಅಕ್ಕಾರ, ಚಾ ಮಾಡಿ ಕರದ್ರ ಇವ್ರು ಏಳವಲ್ರು."

"ಅಲುಗಾಡಿಸ್ರಿ. ಕೆನ್ನಿ ತಟ್ರಿ."

"ಕೈ ತಣ್ಣಗ ಅದಾವ್ರೀ" ಎಂದಳು ನೀಲವ್ವ. "ಕೈ ಆಡವಲ್ವು."

ಮೂರು ದಿನದ ಮೇಲೆ ಡಾಕ್ಟರ್ ಸಾವಳಗಿಯವರು ನನ್ನನ್ನು ಪ್ರಯೋಗಾಲಯಕ್ಕೆ ಕರೆದರು. ಕೇಂದ್ರದ ಮುಖ್ಯಸ್ಥರು, ಒಳ್ಳೆಯ ಮನುಷ್ಯ, ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮೇಲಿನವರಿಗೆ ವರದಿ ಹೋಗಬೇಕಿತ್ತು. ‘ಲೋಪದ ಕಾರಣ’ ಎಂಬ ಕಡೆ ಅವರು ಪೆನ್ಸಿಲಿನಲ್ಲಿ ಬರೆದಿದ್ದರು: ಮನೆಯ ಸಾಕ್ಷಿಯು ಖಚಿತಪಡಿಸಿಕೊಳ್ಳದೆ ಗುಂಡಿ ಒತ್ತಿರುವುದು.

"ಬರದೀನಿ, ಆದ್ರ ಮನಸಿಗೆ ಬರವಲ್ದು ಕಸ್ತೂರಿಯವರ. ಇದನ್ನೊಂದು ನೋಡ್ರಿ." ಕೈಯ ಅಲುಗಾಟದ ಗೆರೆಯನ್ನು ಹಿಗ್ಗಿಸಿ ತೋರಿಸಿದರು. ಕಂಟ್ರೋಲ್ ರೂಮಿನಲ್ಲಿ ನಮಗೆ ಬಣ್ಣ ಮಾತ್ರ ಕಾಣುತ್ತದೆ, ಒಳಗಿನ ಗೆರೆ ಕಾಣುವುದಿಲ್ಲ. "ನೋವಿನ್ಯಾಗ ಕೈ ಬಡಿಯೋರದು ಎತ್ತ ಬೇಕಾದತ್ತ ಇರ್ತೈತಿ. ಇದು ಹಂಗಿಲ್ಲ. ಮೂರು ಸಣ್ಣು, ಒಂದು ದೊಡ್ಡದು, ಆಮ್ಯಾಲ ನಾಕು ಸೆಕೆಂಡ್ ಸುಮ್ಮನ. ಮತ್ತ ಮೂರು ಸಣ್ಣು, ಒಂದು ದೊಡ್ಡದು. ಅರ್ಧ ತಾಸು ಹಿಂಗ. ಏನಿದು?"

ನಾನು ಉತ್ತರ ಕೊಡುವ ಮೊದಲೇ ನನ್ನ ಬೆರಳುಗಳು ಕೊಟ್ಟವು. ಮೇಜಿನ ಅಂಚಿನಲ್ಲಿ ಕೈ ಇಟ್ಟುಕೊಂಡು ಆ ಗೆರೆಯ ಜೊತೆ ಬೆರಳಾಡಿಸಿದೆ. ಹರಿದ ಎಳೆಯ ಎರಡು ತುದಿಗಳನ್ನು ಹೆಬ್ಬೆರಳ ಮೇಲೆ ಅಡ್ಡ ಹಿಡಿ, ಸುತ್ತು, ತೂರಿಸು. ಮೂರು ಸಣ್ಣವು. ಆಮೇಲೆ ಜಗ್ಗು. ಅದು ದೊಡ್ಡದು. ಆ ನಾಲ್ಕು ಸೆಕೆಂಡು, ಕಣ್ಣು ಮುಂದಿನ ಹರಿದ ಎಳೆಯನ್ನು ಹುಡುಕುವ ಹೊತ್ತು.

"ಗಂಟ್ರೀ" ಅಂದೆ. "ನೇಕಾರರ ಗಂಟು."

ಇಲ್ಲಿಯವರೆಗೆ ನಿಮಗೆ ಹೇಳದ ಮಾತೊಂದಿದೆ. ಹೇಳಲು ನಾಚಿಕೆ. ನಾನೂ ನೇಕಾರನ ಮಗಳು. ನನ್ನಪ್ಪ ಮೂವತ್ತು ವರ್ಷ ಇದೇ ಊರಿನ ಕೊನೆಯ ಓಣಿಯಲ್ಲಿ ಬೇರೆಯವರ ಮಗ್ಗ ಓಡಿಸಿದವನು. ಗಂಟು ಹಾಕಲು ನನಗೆ ಏಳನೆಯ ವಯಸ್ಸಿಗೇ ಕಲಿಸಿದ್ದ. ಕಲಿತು ನೌಕರಿ ಹಿಡಿದ ಮೇಲೆ ನಾನು ಹೊಸ ಬಡಾವಣೆಯಲ್ಲಿ ಮನೆ ಮಾಡಿದೆ, ಮಗ್ಗದ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ಹೇಳಿಕೊಂಡು ತಿರುಗಿದೆ. ಕೇಂದ್ರದಲ್ಲಿ ಯಾರಿಗೂ ಅಪ್ಪನ ಕೆಲಸ ಹೇಳಿರಲಿಲ್ಲ. ಅಪ್ಪ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಅವನು ಹಗಲು ಮಲಗಿದಾಗ ಅವನ ಎರಡೂ ಕೈ ಎದೆಯ ಮೇಲೆ ಗಂಟು ಹಾಕುತ್ತಿದ್ದದ್ದು, ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದದ್ದು, ಎಲ್ಲ ಆ ಮೇಜಿನ ಮುಂದೆ ಒಮ್ಮೆಲೇ ನೆನಪಾಯಿತು. ನಾನು ಅಳತೊಡಗಿದೆ. ಸಾವಳಗಿಯವರು ಎದ್ದು ಬಾಗಿಲು ಮುಚ್ಚಿದರು.

ಬನಪ್ಪನ ಕಡೆಯ ಗಂಟನ್ನೂ ಆ ಗೆರೆಯಲ್ಲಿ ನೋಡಿದೆ. ಹನ್ನೆರಡೂವರೆಯ ಹೊತ್ತಿಗೆ ನಾಲ್ಕು ಸೆಕೆಂಡು ಹತ್ತಾಗುತ್ತದೆ, ಆಮೇಲೆ ಇಪ್ಪತ್ತು. ಕಡೆಯದರಲ್ಲಿ ಮೂರು ಸಣ್ಣವು ಇವೆ. ಜಗ್ಗಿದ್ದು ಇಲ್ಲ.

"ಪೆನ್ಸಿಲಿನ್ಯಾಗ ಬರದದ್ದನ್ನ ಅಳಸ್ರಿ ಸರ್" ಅಂದೆ. "ಮೊದಲನೇ ಮಂಗಳವಾರದ ಫೋನಿನ ರೆಕಾರ್ಡ ಕೇಳ್ರಿ. ಆಕಿ ನೋಡಿದ್ಲು, ಖರೇನ ಹೇಳಿದ್ಲು. ಒತ್ತಂಗಿಲ್ಲ ಅಂತ ಕುಂತಾಕಿನ್ನ ಬೈದು ಒತ್ತಿಸಿದಾಕಿ ನಾನು."

ಅವರು ರಬ್ಬರು ಕೈಗೆತ್ತಿಕೊಂಡರು. "ನಿಮ್ಮ ನೌಕರಿ ಕಸ್ತೂರಿಯವರ."

"ಹೋಗ್ಲಿ ಬಿಡ್ರಿ."

ರೆಕಾರ್ಡು ವರದಿಯ ಜೊತೆ ಹೋಯಿತು. ಮೂರು ಜಿಲ್ಲೆಗಳಲ್ಲಿ ಹದ ನಿಂತಿತು. ಅದನ್ನು ಮಾಡಿದವರು ಬಂದು ನೋಡಿದರು. ಅವರು ಅದನ್ನು ಪರೀಕ್ಷಿಸಿದ್ದು ದೊಡ್ಡ ಊರಿನ ಕಾಲೇಜು ಹುಡುಗರ ಮೇಲೆ, ಕಚೇರಿಯ ಗುಮಾಸ್ತರ ಮೇಲೆ. ನಿದ್ದೆಯಲ್ಲಿ ದುಡಿಯುವ ಕೈ ಅವರ ಲೆಕ್ಕದಲ್ಲಿ ಇರಲಿಲ್ಲ. ನಮ್ಮ ಊರಿನ ಹಾಳೆಗಳನ್ನು ತೆಗೆದು ನೋಡಿದಾಗ ಗಂಟು ಹಾಕುವವರು ಇನ್ನೂ ಹದಿನಾರು ಮಂದಿ ಸಿಕ್ಕರು, ಬೀಡಿ ಸುತ್ತುವ ಮೂವರು ಹೆಂಗಸರು ಸಿಕ್ಕರು. ಅವರ ಹನಿಗಳೂ ಏರುತ್ತಿದ್ದವು. ಅಷ್ಟೂ ಜನ ಬದುಕಿದ್ದಾರೆ. ಈಗ ಹೊಸ ಯಂತ್ರ ಬಂದಿದೆ, ಎದೆಗೆ ಕಟ್ಟುವಂಥದು, ಕೈ ಆಡಿದರೂ ಬಿಟ್ಟರೂ ಉಸಿರು ಎಣಿಸುತ್ತದೆ. ನನ್ನ ನೌಕರಿ ಹೋಗಲಿಲ್ಲ, ಕಂಟ್ರೋಲ್ ರೂಮಿನಿಂದ ತೆಗೆದು ಹೆಸರು ಬರೆದುಕೊಳ್ಳುವ ಮೇಜಿಗೆ ಹಾಕಿದರು. ಅರ್ಜಿಯ ಮೊದಲ ಸಾಲು ನಾನೇ ಹಟ ಹಿಡಿದು ಸೇರಿಸಿದ್ದು: ನಿಮ್ಮ ಕೈ ಯಾವ ಕೆಲಸ ಮಾಡಿದೆ?

ವರದಿ ಹೋದ ಮೇಲೆ, ಇದೆಲ್ಲ ಆಗುವ ಮೊದಲೇ ನೀಲವ್ವನ ಮನೆಗೆ ಹೋಗಿದ್ದೆ. ಅದನ್ನು ಹೇಳುವುದು ಕಷ್ಟವೆಂದು ಕೊನೆಗೆ ಇಟ್ಟುಕೊಂಡಿದ್ದೇನೆ.

ಬನಪ್ಪನ ದಿನಕರ್ಮ ಮುಗಿದ ಮೇಲಿನ ಭಾನುವಾರ, ಮಧ್ಯಾಹ್ನ. ಮಗ್ಗ ನಿಂತಿತ್ತು. ಗೋಡೆಯ ಮೇಲೆ ಡಬ್ಬಿ ತೂಗುಹಾಕಿದ್ದ ಮೊಳೆ ಹಾಗೇ ಇತ್ತು. ಪಡಸಾಲೆಯಲ್ಲಿ ಮಗಳು ಅನ್ನಪೂರ್ಣ, ಒಂಬತ್ತನೆಯ ಇಯತ್ತೆಯ ಹುಡುಗಿ, ಚಾಪೆಯ ಮೇಲೆ ಮಲಗಿತ್ತು. ನೀಲವ್ವ ಅದರ ಪಕ್ಕದಲ್ಲೇ ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನೀರು ತಂದಿಟ್ಟಳು, ಮತ್ತೆ ಅಲ್ಲಿಯೇ ಹೋಗಿ ಕುಳಿತಳು. ಮಾತಿನ ನಡುನಡುವೆ ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು.

"ಈಗ ಯಾರ ಮಲಗಿದ್ರೂ ನಂಬಿಕಿ ಬರಂಗಿಲ್ರೀ" ಎಂದಳು. "ಇಪ್ಪತ್ತೆರಡ ವರ್ಷ ಬಾಳೇ ಮಾಡಿದೆ. ಗಂಡ ಮಲಗ್ಯಾನೋ ಎಚ್ಚರ ಅದಾನೋ ಅಂತ ಗೊತ್ತಾಗದಾಕಿ ನಾನು. ಮೊದಲನೇ ದಿನಾನ ಒತ್ತಿದ್ರ ನೋವ ಏರ್ತಿರಲಿಲ್ಲೇನೋ. ಒತ್ತಾಕ ತಡಾ ಮಾಡೀನಿ."

ತಡ ಮಾಡಿದ್ದರಿಂದ ಗಂಡ ಸತ್ತನೆಂದು ಅವಳು ತಿಳಿದಿದ್ದಳು. ಒತ್ತಿದ್ದರಿಂದ ಎಂದು ನಾನು ಹೇಳಬೇಕಿತ್ತು. ಎರಡರಲ್ಲಿ ಯಾವುದು ಕಡಿಮೆ ಸುಡುತ್ತದೆ? ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದೆ, ಸುಮ್ಮನೆ ತಿರುಗಿ ಹೋಗಿಬಿಡೋಣ ಎಂದೂ ಅನ್ನಿಸಿತ್ತು. ಆದರೆ ಅವಳು ಇನ್ನು ಮೇಲೆ ತನ್ನ ಕಣ್ಣನ್ನೇ ನಂಬದೆ, ಮಲಗಿದ ಮಗಳ ಉಸಿರು ಮುಟ್ಟಿ ಮುಟ್ಟಿ ನೋಡುತ್ತ ಬದುಕಬೇಕೆ? ಹೇಳಿಬಿಟ್ಟೆ. ಅವನು ಮಲಗಿದ್ದ. ಚೆನ್ನಾಗಿ ಮಲಗಿದ್ದ, ಕನಸಿನಲ್ಲಿ ಗಂಟು ಹಾಕುತ್ತಿದ್ದ, ಸೊನ್ನೆಯ ಹತ್ತಿರ ಬಂದಿದ್ದ. ನಿಮ್ಮ ಕಣ್ಣು ಸರಿ ಇತ್ತು, ನನ್ನ ಗೆರೆ ತಪ್ಪಿತ್ತು. ಒತ್ತಬಾರದಿತ್ತು, ಒತ್ತಿಸಿದವಳು ನಾನು. ವರದಿಯಲ್ಲಿ ಹಾಗೆಯೇ ಬರೆಸಿದ್ದೇನೆ.

ನೀಲವ್ವ ಬೈಯಲಿಲ್ಲ, ಅಳಲೂ ಇಲ್ಲ. ಮಗಳ ಮೂಗಿನ ಹತ್ತಿರ ಇದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಗಂಟ ಅಂತ ಈಗ ಹ್ಯಾಂಗ ತಿಳೀತ್ರಿ ನಿಮಗ?" ಎಂದು ಕೇಳಿದಳು.

"ನಮ್ಮಪ್ಪನೂ ನೇಕಾರ ಇದ್ದ ನೀಲವ್ವಾರ. ಮಲಗಿದಾಗ ಅವನ ಕೈನೂ ಹಂಗ ಆಡ್ತಿದ್ವು."

ಅವಳು ನನ್ನ ಮುಖವನ್ನೇ ನೋಡಿದಳು. ಇಷ್ಟು ತಿಂಗಳಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು, ತನ್ನ ಓಣಿಯವಳನ್ನು ನೋಡುವ ಹಾಗೆ.

"ನಿಮ್ಮವ್ವ ಎಬ್ಬಸ್ತಿದ್ಲೇನು?"

"ಇಲ್ರೀ."

"ಏನಂತಿದ್ಲು?"

ಹೇಳಲೇಬೇಕಿತ್ತು. "ಗಂಟ ಹಾಕಾಕತ್ತಾರ, ಗದ್ದಲಾ ಮಾಡೂದ ಬ್ಯಾಡ, ಅಂತಿದ್ಲು."

"ನಾನೂ ಅದನ್ನ ಅಂದಿದ್ನೆಲ್ರೀ ಅಕ್ಕಾರ, ಫೋನಿನ್ಯಾಗ" ಎಂದಳು ನೀಲವ್ವ.